ವ್ರಣಲೇಪನದ ಇತಿಹಾಸ: ಶ್ರೀರಂಗಪಟ್ಟಣದಿಂದ ಸೊನ್ನಲಿಗೆಯವರೆಗೆ

ದುಡಿಯುವ ಕೈಗೆ ಗಾಯ ತಪ್ಪಿದ್ದಲ್ಲ. ಕಾವೇರಿಯ ನೀರುಂಡ ಶ್ರೀರಂಗಪಟ್ಟಣ ಸೀಮೆಯ ಬಾಬುರಾಯನಕೊಪ್ಪಲು ಮೊದಲಾದ ಗ್ರಾಮಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದ ಕಾಲುವೆಗಳು ಹರಿದು, ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪಿತವಾದ ಮೇಲೆ ಈ ನಾಡು ಕಬ್ಬಿನ ನಾಡಾಯಿತು. ಕಬ್ಬಿನ ಸೋಗೆ ಮೈ ತರಚುತ್ತದೆ. ಕಡಿಯುವ ಮಚ್ಚು ಬೆರಳಿಗೆ ತಗಲುತ್ತದೆ. ಆಲೆಮನೆಯ ಕೊಪ್ಪರಿಗೆಯಿಂದ ಸಿಡಿದ ಪಾಕ ಚರ್ಮವನ್ನು ಸುಡುತ್ತದೆ. ಇಂತಹ ಮೇಲ್ಚರ್ಮದ ಗಾಯಕ್ಕೆ ಏನು ಹಚ್ಚಬೇಕು ಎಂದು ಕೇಳಿದರೆ ಮನೆಗೊಂದು ಉತ್ತರ ದೊರೆಯುತ್ತದೆ. ಒಬ್ಬರು ಅರಿಶಿನವೆನ್ನುತ್ತಾರೆ, ಒಬ್ಬರು ಜೇನುತುಪ್ಪವೆನ್ನುತ್ತಾರೆ. ಬದುವಿನ ಸೊಪ್ಪನ್ನು ಹಿಂಡುವವರುಂಟು, ಕಾಫಿಪುಡಿಯನ್ನು ಒತ್ತುವವರುಂಟು, ವಿಭೂತಿಯನ್ನು ತುಂಬುವವರೂ ಉಂಟು. ಪೇಟೆಯವರು ಅಂಗಡಿಯ ಮುಲಾಮನ್ನು ತರುತ್ತಾರೆ. ಇವುಗಳಲ್ಲಿ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ನಿರ್ಣಯಿಸುವ ಪ್ರಮಾಣ ಯಾವುದು? ಪ್ರಾಚೀನತೆಯೇ? ನವೀನತೆಯೇ? ಅಥವಾ ಇವೆರಡಕ್ಕೂ ಹೊರತಾದ ಬೇರೊಂದೇ? ವ್ರಣಲೇಪನದ ಇತಿಹಾಸವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರೀರಂಗಪಟ್ಟಣದ ಬಳಿಯ ಗಾಯಾಳು

ಮೂರನೆಯ ಮೈಸೂರು ಯುದ್ಧವು ೧೭೯೨ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಡನೆ ಮುಗಿಯಿತು. ಆ ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠ ರೈತನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಮುಂಬಯಿಯ ಸೇನೆಯನ್ನು ಬಂದು ಸೇರಿದನು. ಒಂದು ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬಾಳಿದ ಅವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕೂಡಿಸಿದನು. ಕಂಪನಿಯ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಎಂಬವರು ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಇದರ ವಿವರಣೆ ೧೭೯೪ರ ಅಕ್ಟೋಬರ್ ತಿಂಗಳ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಲಂಡನ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ನಡೆಸಿದನು. ಆಧುನಿಕ ರೂಪಣ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆದವರೆಲ್ಲರೂ ಈ ಘಟನೆಯನ್ನು ಸ್ಮರಿಸಿದ್ದಾರೆ.

ಆದರೆ ಅವರ ಗಮನವೆಲ್ಲ ಮೂಗಿನ ಮೇಲೆ ನೆಟ್ಟಿತು. ಮೂಗಿಗೆ ಹಚ್ಚಿದ ಲೇಪದ ಕಡೆಗೆ ಅಷ್ಟಾಗಿ ಹೊರಳಲಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಲೇಪವೇ. ಆ ಕುಶಲಿಯು ಹೊಲಿಗೆ ಹಾಕಲಿಲ್ಲ. ಕಾಚನ್ನು ನೀರಿನಲ್ಲಿ ಮೆದುವಾಗಿಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಅಂತಹ ಐದಾರು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಕೂಡುಗೆಯ ಮೇಲೆ ಇರಿಸಿದನು. ನಾಲ್ಕು ದಿನ ಬೇರೇನನ್ನೂ ಹಚ್ಚಲಿಲ್ಲ. ಬಳಿಕ ಅದನ್ನು ತೆಗೆದು, ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಹಾಕಿದನು. ಸುಮಾರು ಇಪ್ಪತ್ತೈದನೆಯ ದಿನ ಚರ್ಮದ ತೊಟ್ಟನ್ನು ಕತ್ತರಿಸಿದನು. ತಾಂಬೂಲದಲ್ಲಿ ನಾವು ಬಲ್ಲ ಕಾಚು ಬಲವಾದ ಒಗರುಳ್ಳದ್ದು. ಒಗರು ಪದಾರ್ಥವು ಗಾಯದ ಮೇಲಣ ರಸವನ್ನು ಗಟ್ಟಿಗೊಳಿಸಿ ತೆಳುವಾದ ಪದರವನ್ನುಂಟುಮಾಡುತ್ತದೆ, ರಕ್ತದ ಒಸರನ್ನು ತಡೆಯುತ್ತದೆ. ತುಪ್ಪವು ಚರ್ಮ ಒಣಗಿ ಬಿರಿಯದಂತೆ ಕಾಯುತ್ತದೆ. ಮೊದಲು ಒಗರು, ಆಮೇಲೆ ಜಿಡ್ಡು: ಇದು ಆ ಚಿಕಿತ್ಸೆಯ ಕ್ರಮ.

ಶಾಸ್ತ್ರದ ಮಾತು

ಇಟ್ಟಿಗೆಯವನ ಈ ಕ್ರಮಕ್ಕೂ ಸುಶ್ರುತಸಂಹಿತೆಯ ವಿಧಾನಕ್ಕೂ ಇರುವ ಸಾಮ್ಯ ಗಮನಾರ್ಹವಾದುದು. ಸುಶ್ರುತನು ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ನಾಸಾಸಂಧಾನವನ್ನು ಹೇಳುವಾಗ ಕೆನ್ನೆಯ ಚರ್ಮವನ್ನು ಬಳಸಲು ವಿಧಿಸುತ್ತಾನೆ. ಕೂಡಿಸಿದ ಮೇಲೆ ಪತಂಗ, ಯಷ್ಟಿಮಧು, ಅಂಜನ ಇವುಗಳ ಚೂರ್ಣವನ್ನು ಉದುರಿಸಿ, ಬಿಳಿಯ ಅರಳೆಯಿಂದ ಮುಚ್ಚಿ, ಎಳ್ಳೆಣ್ಣೆಯನ್ನು ಮತ್ತೆ ಮತ್ತೆ ಸಿಂಪಡಿಸಬೇಕೆನ್ನುತ್ತಾನೆ. ದ್ರವ್ಯಗಳು ಬೇರೆಯಾದರೂ ಕ್ರಮ ಒಂದೇ: ಮೊದಲು ಚೂರ್ಣ, ಅನಂತರ ಸ್ನೇಹ. ಗ್ರಂಥದ ವಿದ್ಯೆಯು ಕೈಕಸುಬಿನವನ ಬೆರಳುಗಳಲ್ಲಿ ಉಳಿದು ಬಂದಿತ್ತು. ಕಾಯಕದಲ್ಲಿ ಮೇಲುಕೀಳೆಣಿಸದ ಪರಂಪರೆಯವರಿಗೆ ಇದು ಅಚ್ಚರಿಯ ಸಂಗತಿಯಲ್ಲ.

ಸುಶ್ರುತನು ವ್ರಣಗಳನ್ನು ಶಾರೀರ, ಆಗಂತು ಎಂದು ಎರಡಾಗಿ ವಿಭಾಗಿಸಿ, ಅವುಗಳ ಶಮನಕ್ಕೆ ಅರವತ್ತು ಉಪಕ್ರಮಗಳನ್ನು ಎಣಿಸಿದ್ದಾನೆ. ಹೊರಗಿನ ಪೆಟ್ಟಿನಿಂದಾದ ಸದ್ಯೋವ್ರಣಗಳು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರು ಬಗೆ. ಇವುಗಳಲ್ಲಿ ಘೃಷ್ಟವೆಂಬುದು ನಮ್ಮ ತರಚುಗಾಯ. ಹಸಿಗಾಯಕ್ಕೆ ಜೇನು ಮತ್ತು ತುಪ್ಪದ ಲೇಪನ, ನೋವಿದ್ದರೆ ಯಷ್ಟಿಮಧುವನ್ನು ಕೂಡಿಸಿದ ಬೆಚ್ಚನೆಯ ತುಪ್ಪ, ಕೋಣೆಗೆ ಗುಗ್ಗುಳ, ಬಜೆ, ಬಿಳಿಸಾಸುವೆ, ಬೇವಿನೆಲೆಗಳ ಧೂಪ, ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ಮುಂದಿನ ವೈದ್ಯರು ಜಾಜಿಯ ಎಲೆ, ಬೇವು, ಅರಿಶಿನ, ಮೈಲುತುತ್ತ, ಜೇನುಮೇಣಗಳಿಂದ ಸಿದ್ಧಪಡಿಸಿದ ಜಾತ್ಯಾದಿ ತೈಲ ಇಂದಿಗೂ ಬಳಕೆಯಲ್ಲಿದೆ.

ಆದರೆ ಪರಂಪರೆಯೆಂಬುದು ಒಂದೇ ಧ್ವನಿಯಲ್ಲಿ ನುಡಿಯುವುದಿಲ್ಲ ಎಂಬುದನ್ನು ಕನ್ನಡ ವೈದ್ಯಸಾಹಿತ್ಯವೇ ತೋರಿಸಿಕೊಡುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು ಜೈನಧರ್ಮಕ್ಕನುಗುಣವಾಗಿ ಮದ್ಯ, ಮಾಂಸಗಳೊಡನೆ ಮಧುವನ್ನೂ ವರ್ಜಿಸಿದ ವೈದ್ಯಗ್ರಂಥ. ಸುಶ್ರುತನಿಗೆ ಪರಮೌಷಧವಾದ ಜೇನು ಇಲ್ಲಿ ನಿಷಿದ್ಧ. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದ ಅವನ ವಚನಗಳು ವೈದ್ಯವೃತ್ತಿಯ ಪರಿಭಾಷೆಯನ್ನು ಭವರೋಗದ ನಿರೂಪಣೆಗೆ ಬಳಸಿಕೊಂಡಿವೆ. ಅವು ಲೇಪನದ ಯೋಗಗಳನ್ನು ತಿಳಿಸುವ ಗ್ರಂಥಗಳಲ್ಲ. ಆದರೂ ರೋಗವನ್ನರಿಯದೆ ಮದ್ದು ಕೊಡುವವನು ವೈದ್ಯನಲ್ಲ ಎಂಬ ವಿವೇಕ ಆ ವೃತ್ತಿಯವರಿಗೆ ಸಹಜವಾದುದು. ಒಂದೇ ನಾಡಿನಲ್ಲಿ, ಒಂದೇ ಕಾಲದಲ್ಲಿ, ಒಂದು ಶಾಸ್ತ್ರ ಹಚ್ಚು ಎಂದದ್ದನ್ನು ಇನ್ನೊಂದು ಶಾಸ್ತ್ರ ಬೇಡವೆಂದಿದೆ. ಆದುದರಿಂದ ‘ನಮ್ಮ ಹಿರಿಯರು ಹೇಳಿದ್ದು’ ಎಂಬ ಮಾತಿನಿಂದಲೇ ಲೇಪದ ಗುಣ ಸಿದ್ಧಿಸಲಾರದು. ಹೇಳಿದವರು ಯಾವ ಹಿರಿಯರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಪ್ರಾಚೀನವೆಂದು ತೋರುವುದೆಲ್ಲ ಪ್ರಾಚೀನವೂ ಅಲ್ಲ. ಗದ್ದೆಯ ಬದುವಿನಲ್ಲಿ ನೆಲಕ್ಕೆ ಹಬ್ಬಿ, ಹಳದಿಯ ನಡುವುಳ್ಳ ಸಣ್ಣ ಹೂ ಬಿಡುವ ಗಿಡವೊಂದುಂಟು. ಸಸ್ಯಶಾಸ್ತ್ರಜ್ಞರು ಅದನ್ನು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಎಂದು ಕರೆಯುತ್ತಾರೆ. ಕುಡುಗೋಲು ತಗಲಿದ ಬೆರಳಿಗೆ ಅದರ ಎಲೆಯ ರಸವನ್ನು ಹಿಂಡುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ಚರಕ ಸುಶ್ರುತರು ಇದನ್ನು ಕಂಡವರಲ್ಲ. ಹಾಗೆಂದು ಇದು ನಿಷ್ಪ್ರಯೋಜಕವೆಂದಲ್ಲ. ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದರ ಸಾರವು ಗಾಯ ಮಾಯುವಿಕೆಗೆ ನೆರವಾದದ್ದು ಕಂಡುಬಂದಿದೆ. ಹೊಲದ ಜನರು ಹೊಸ ಗಿಡವೊಂದನ್ನು ಕಂಡು, ಹಚ್ಚಿ ನೋಡಿ, ಇಟ್ಟುಕೊಂಡರು. ನಮ್ಮ ಜಾನಪದ ವೈದ್ಯವು ಪರೀಕ್ಷೆಗೆ ಹೆದರಿದ ವೈದ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹೋಲಿಕೆಯ ಆರಂಭ

ಎರಡು ಲೇಪಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿದ ಪ್ರಸಿದ್ಧ ಪ್ರಸಂಗವೊಂದು ಹದಿನಾರನೆಯ ಶತಮಾನದ ಯುರೋಪಿನದು. ಫ್ರಾನ್ಸಿನ ಸೇನಾವೈದ್ಯನಾದ ಆಂಬ್ರಾಸ್ ಪಾರೆಯು ಟ್ಯೂರಿನ್ ನಗರದ ಬಳಿಯ ಕಾಳಗದಲ್ಲಿ ಗುಂಡಿನ ಗಾಯಗಳಿಗೆ ಅಂದಿನ ಪದ್ಧತಿಯಂತೆ ಕುದಿಯುವ ಎಣ್ಣೆಯನ್ನು ಸುರಿಯುತ್ತಿದ್ದನು. ಒಂದು ದಿನ ಎಣ್ಣೆ ಮುಗಿಯಿತು. ಉಳಿದ ಗಾಯಾಳುಗಳಿಗೆ ಮೊಟ್ಟೆಯ ಹಳದಿ, ಗುಲಾಬಿಯೆಣ್ಣೆ, ಟರ್ಪೆಂಟೈನ್‌ಗಳ ಲೇಪವನ್ನು ಹಚ್ಚಿ, ಇವರೆಲ್ಲ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆಂದು ಅಂಜಿ ನಿದ್ದೆಗೆಟ್ಟನು. ಬೆಳಗ್ಗೆ ಎದ್ದು ನೋಡಿದರೆ ಲೇಪ ಹಚ್ಚಿಸಿಕೊಂಡವರು ಶಾಂತರಾಗಿದ್ದರು. ಕುದಿಯೆಣ್ಣೆ ಬಿದ್ದವರು ಜ್ವರ, ಬಾವು, ನೋವುಗಳಿಂದ ನರಳುತ್ತಿದ್ದರು. ಆಚಾರ್ಯರ ವಾಕ್ಯಕ್ಕಿಂತ ಎರಡು ಹಾಸಿಗೆಗಳ ನಡುವಣ ವ್ಯತ್ಯಾಸವೇ ಅವನಿಗೆ ಹೆಚ್ಚು ಹೇಳಿತು.

ಹೊಸ ವೈದ್ಯವಾದರೂ ಸದಾ ಹಿತವನ್ನೇ ಮಾಡಿತೆನ್ನುವಂತಿಲ್ಲ. ೧೮೬೭ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯದ ಕೊಳೆತವನ್ನು ತಡೆಯಬಹುದೆಂದು ಪ್ರಕಟಿಸಿ ಶಸ್ತ್ರವೈದ್ಯದ ದಿಕ್ಕನ್ನೇ ಬದಲಿಸಿದನು. ಆದರೆ ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಅಭ್ಯಸಿಸಿದ ಅಲೆಕ್ಸಾಂಡರ್ ಫ್ಲೆಮಿಂಗನು, ಆಳವಾದ ಗಾಯಗಳಲ್ಲಿ ಇಂತಹ ತೀಕ್ಷ್ಣದ್ರವ್ಯಗಳು ರೋಗಾಣುಗಳಿಗಿಂತ ಹೆಚ್ಚಾಗಿ ರಕ್ತದ ಬಿಳಿಯ ಕಣಗಳನ್ನೇ ಕೊಲ್ಲುತ್ತವೆಂದು ತೋರಿಸಿದನು. ಉರಿದರೆ ಮದ್ದು ನಾಟಿತೆಂದು ನಂಬುವ ನಮ್ಮ ಜನ ಈ ಸಂಗತಿಯನ್ನು ನೆನಪಿಡಬೇಕು. ಉರಿಯು ಗುಣದ ಲಕ್ಷಣವಲ್ಲ. ಎಷ್ಟೋ ವೇಳೆ ಜೀವಕಣಗಳ ನಾಶದ ಲಕ್ಷಣ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬುದು ಇನ್ನೊಂದು ಬಲವಾದ ನಂಬಿಕೆ. ೧೯೬೨ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು ಹಂದಿಗಳ ಚರ್ಮದ ಮೇಲೆ ಸಮನಾದ ತೆಳುಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಪೊರೆಯಿಂದ ಮುಚ್ಚಿದನು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮವು ಸುಮಾರು ಎರಡರಷ್ಟು ವೇಗದಲ್ಲಿ ಹಬ್ಬಿತು. ಒಣಗಿದ ಗಾಯದ ಮೇಲಣ ಹಕ್ಕಳೆಯ ಕೆಳಗೆ ತೂರಿಕೊಂಡು ಹೋಗಬೇಕಾದ ಚರ್ಮಕಣಗಳು, ತೇವವಿರುವಲ್ಲಿ ನೇರವಾಗಿ ಹರಿದು ಕೂಡುತ್ತವೆ. ಕಾವಸಜಿಯ ಮೂಗಿಗೆ ಹಾಕಿದ ತುಪ್ಪದ ಬಟ್ಟೆಯೂ, ಸುಶ್ರುತನ ಎಳ್ಳೆಣ್ಣೆಯ ಅರಳೆಯೂ ಮಾಡಿದ ಕೆಲಸ ಇದೇ ಬಗೆಯದು. ಅವರಿಗೆ ಕಾರಣ ತಿಳಿದಿರಲಿಲ್ಲ, ಕಾರ್ಯ ತಿಳಿದಿತ್ತು.

ಸೊನ್ನಲಿಗೆಯ ಜೇನು

ಜೇನಿನ ಪರೀಕ್ಷೆಯ ಕಥೆ ನಮ್ಮನ್ನು ಸಿದ್ಧರಾಮೇಶ್ವರರ ಸೊನ್ನಲಿಗೆಗೆ, ಎಂದರೆ ಇಂದಿನ ಸೊಲ್ಲಾಪುರಕ್ಕೆ ಕರೆದೊಯ್ಯುತ್ತದೆ. ಅಲ್ಲಿಯ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರಾಗಿದ್ದ ಡಾ. ಎಂ. ಸುಬ್ರಹ್ಮಣ್ಯಂ ಅವರು ೧೯೯೧ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯೊಂದರಲ್ಲಿ ಒಂದು ತುಲನೆಯನ್ನು ಪ್ರಕಟಿಸಿದರು. ಮೇಲ್ಮೈ ಸುಟ್ಟಗಾಯಗಳ ೧೦೪ ರೋಗಿಗಳಲ್ಲಿ ಅರ್ಧ ಜನಕ್ಕೆ ಜೇನುತುಪ್ಪವನ್ನೂ, ಉಳಿದರ್ಧ ಜನಕ್ಕೆ ಅಂದು ಎಲ್ಲೆಡೆ ಬಳಕೆಯಲ್ಲಿದ್ದ ಸಿಲ್ವರ್ ಸಲ್ಫಡಯಜಿನ್ ಎಂಬ ಬೆಳ್ಳಿಯ ಮುಲಾಮನ್ನೂ ಹಚ್ಚಲಾಯಿತು. ಹದಿನೈದು ದಿನಗಳಲ್ಲಿ ಜೇನಿನ ಗುಂಪಿನಲ್ಲಿ ನೂರಕ್ಕೆ ೮೭ ಗಾಯಗಳು ಮಾದವು. ಮುಲಾಮಿನ ಗುಂಪಿನಲ್ಲಿ ನೂರಕ್ಕೆ ೧೦ ಮಾತ್ರ. ಅವರು ಮುಂದೆ ಜೇನನ್ನು ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆಯೊಡನೆಯೂ ಹೋಲಿಸಿದರು.

ಈ ಅಂಕೆಗಳನ್ನು ಕಂಡು ಹಿಗ್ಗುವುದು ಸಹಜ. ಆದರೆ ಜಾಣ ವಾಚಕನು ಎರಡು ಪ್ರಶ್ನೆಗಳನ್ನು ಕೇಳಬೇಕು. ಒಂದು, ಸೋತವನು ಎಂತಹ ಜಟ್ಟಿ? ಬೆಳ್ಳಿಯ ಆ ಮುಲಾಮು ಗಾಯ ಮಾಯುವುದನ್ನೇ ತಡಮಾಡುತ್ತದೆಂದು ಅನಂತರದ ವಿಮರ್ಶೆಗಳು ತಿಳಿಸಿದವು. ದುರ್ಬಲನನ್ನು ಗೆದ್ದ ಮಾತ್ರಕ್ಕೆ ಜಗಜಟ್ಟಿಯೆನಿಸುವುದಿಲ್ಲ. ಎರಡು, ಬೇರೆಡೆಯೂ ಅದೇ ಫಲ ಬಂದಿತೇ? ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯು ೨೦೧೫ರಲ್ಲಿ ೨೬ ಪ್ರಯೋಗಗಳನ್ನು ಪರಿಶೀಲಿಸಿತು. ಚರ್ಮದ ಅರೆದಪ್ಪ ಸುಟ್ಟಗಾಯಗಳಲ್ಲಿ ಸಾಮಾನ್ಯ ಪಟ್ಟಿಗಳಿಗಿಂತ ಜೇನು ನಾಲ್ಕೈದು ದಿನ ಮೊದಲೇ ಗುಣ ತರುತ್ತದೆಂದು ಅದು ಕಂಡಿತು. ಆದರೆ ಸಾಮಾನ್ಯವಾದ ಸಣ್ಣ ಹಸಿಗಾಯಗಳಲ್ಲಿ ಅಂತಹ ಸ್ಪಷ್ಟ ಲಾಭವನ್ನು ಕಾಣಲಿಲ್ಲ. ಎಂದರೆ ಆಲೆಮನೆಯ ಪಾಕ ಸಿಡಿದು ಸುಟ್ಟ ಚರ್ಮಕ್ಕೆ ಜೇನು ಸಲ್ಲಬಹುದು. ಸೋಗೆ ತರಚಿದ ಗೀರಿಗೆ ಅದು ಅನಾವಶ್ಯಕ. ಜೇನು ತನ್ನ ಸಕ್ಕರೆಯ ಸಾಂದ್ರತೆಯಿಂದ ರೋಗಾಣುಗಳ ನೀರನ್ನು ಹೀರುತ್ತದೆ, ಆಮ್ಲತೆಯಿಂದ ಅವುಗಳನ್ನು ಕುಗ್ಗಿಸುತ್ತದೆ, ಗಾಯವನ್ನು ತೇವವಾಗಿಡುತ್ತದೆ. ಆದರೆ ಹಸಿ ಜೇನಿನಲ್ಲಿ ಕೆಲವು ರೋಗಾಣುಗಳ ಬೀಜಕಗಳು ಇರಬಲ್ಲವಾದುದರಿಂದ, ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಿಗೊಳಿಸುತ್ತಾರೆ. ಅಂಗಡಿಯ ಸೀಸೆಯ ಜೇನೂ ಅದೂ ಒಂದೇ ಅಲ್ಲ.

ಅರಿಶಿನದ ವ್ಯಾಜ್ಯ

೧೯೯೫ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದವರು ಗಾಯಕ್ಕೆ ಅರಿಶಿನವನ್ನು ಬಳಸುವ ವಿಧಾನಕ್ಕೆ ಆ ದೇಶದ ಪೇಟೆಂಟ್ ಹಕ್ಕನ್ನು ಪಡೆದರು. ಅಜ್ಜಿಯ ಅರಿಶಿನದ ಡಬ್ಬಿಗೆ ಪರದೇಶದವರು ಬೀಗ ಹಾಕಿದಂತಾಯಿತೆಂದು ನಮ್ಮ ದೇಶ ಕೆರಳಿತು. ಭಾರತದ ವೈಜ್ಞಾನಿಕ ಹಾಗೂ ಔದ್ಯೋಗಿಕ ಸಂಶೋಧನಾ ಪರಿಷತ್ತು, ಆಗ ಅದರ ಮಹಾನಿರ್ದೇಶಕರಾಗಿದ್ದ ರಘುನಾಥ ಮಾಶೇಲ್ಕರ್ ಅವರ ಮುಂದಾಳುತನದಲ್ಲಿ, ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳ ಆಧಾರಗಳನ್ನೂ, ೧೯೫೩ರಲ್ಲಿ ಭಾರತೀಯ ವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಲೇಖನವನ್ನೂ ಮುಂದಿಟ್ಟು ವಾದಿಸಿತು. ೧೯೯೭ರಲ್ಲಿ ಆ ಹಕ್ಕು ರದ್ದಾಯಿತು. ಹಳೆಯ ಗ್ರಂಥವೊಂದು ಪರದೇಶದ ಕಚೇರಿಯಲ್ಲಿ ಸಾಕ್ಷಿ ನುಡಿದು ಗೆದ್ದದ್ದು ಹಸ್ತಪ್ರತಿಗಳನ್ನು ಕಾಯ್ದುಕೊಂಡು ಬಂದವರೆಲ್ಲರಿಗೂ ಹೆಮ್ಮೆಯ ಸಂಗತಿ.

ಆದರೆ ಆ ವ್ಯಾಜ್ಯದಲ್ಲಿ ನಿರ್ಣಯವಾದದ್ದೇನು? ಅರಿಶಿನದ ಬಳಕೆ ಹೊಸದಲ್ಲ ಎಂಬುದಷ್ಟೆ. ಅರಿಶಿನವು ಗಾಯವನ್ನು ಮಾಯಿಸುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಗಲಿಲ್ಲ. ಪೇಟೆಂಟಿನ ನ್ಯಾಯಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಪ್ರಾಚೀನತೆಯ ಸಾಕ್ಷ್ಯ ಬೇರೆ, ಗುಣದ ಸಾಕ್ಷ್ಯ ಬೇರೆ. ಈ ಎರಡನ್ನೂ ಬೆರೆಸಿದ್ದರಿಂದ ಅರಿಶಿನವು ಎಲ್ಲ ಗಾಯಕ್ಕೂ ರಾಮಬಾಣವೆಂದು ನ್ಯಾಯಾಸ್ಥಾನವೇ ಹೇಳಿತೆಂಬ ಭ್ರಮೆ ಹರಡಿತು. ಅರಿಶಿನದ ಕರ್ಕ್ಯುಮಿನ್ ಎಂಬ ಅಂಶಕ್ಕೆ ಬಾವನ್ನು ತಗ್ಗಿಸುವ, ರೋಗಾಣುಗಳನ್ನು ಕುಗ್ಗಿಸುವ ಗುಣವಿರುವುದು ಪ್ರಯೋಗಶಾಲೆಗಳಲ್ಲಿ ತೋರಿದೆ. ಆದರೆ ಮನೆಯ ಡಬ್ಬಿಯ ಪುಡಿ ಪ್ರಯೋಗಶಾಲೆಯ ಸಾರವಲ್ಲ. ಬಣ್ಣ ಏರಲೆಂದು ಸೀಸದ ಕ್ರೋಮೇಟನ್ನು ಅರಿಶಿನಕ್ಕೆ ಬೆರೆಸುವ ಕಲಬೆರಕೆ ಭಾರತದಲ್ಲಿಯೂ ಬಾಂಗ್ಲಾದೇಶದಲ್ಲಿಯೂ ಪತ್ತೆಯಾಗಿದೆ. ಬಾಣಲೆಗೆ ಹಾಕುವ ಪುಡಿಯನ್ನು ತೆರೆದ ಗಾಯಕ್ಕೆ ತುಂಬಿದರೆ ಪುಡಿಯೊಡನೆ ಧೂಳೂ ಒಳಹೊಗುತ್ತದೆ. ಗಾಯದ ಬಣ್ಣ ಮರೆಯಾಗಿ ಕೀವು ಕಟ್ಟಿದ್ದೂ ತಿಳಿಯದೆ ಹೋಗುತ್ತದೆ.

ಸಗಣಿ ಮತ್ತು ಭಸ್ಮ

ಇಲ್ಲಿ ಭಕ್ತರಾದ ವಾಚಕರ ಗಮನಕ್ಕೆ ಒಂದು ಮಾತನ್ನು ತರುವುದು ಅವಶ್ಯ. ಗಾಯಕ್ಕೆ ಸಗಣಿಯನ್ನು ಮೆತ್ತುವ, ಹಸುಗೂಸಿನ ಕೊಯ್ದ ಹೊಕ್ಕುಳಿಗೆ ಸಗಣಿಯನ್ನೋ ಬೂದಿಯನ್ನೋ ಹಚ್ಚುವ ರೂಢಿ ನಾಡಿನ ಹಲವೆಡೆ ಇದ್ದಿತು. ಧನುರ್ವಾಯುವಿನ ರೋಗಾಣು ದನ ಕುದುರೆಗಳ ಕರುಳಿನಲ್ಲಿಯೂ ಅವುಗಳ ಸಗಣಿ, ಲದ್ದಿ ಬಿದ್ದ ಮಣ್ಣಿನಲ್ಲಿಯೂ ವಾಸಿಸುತ್ತದೆ. ಸಣ್ಣ ಗೀರಿನ ಮೂಲಕ ಒಳಹೊಕ್ಕರೂ ಅದು ಪ್ರಾಣಾಂತಿಕವಾಗಬಲ್ಲದು. ಎಷ್ಟೋ ತೊಟ್ಟಿಲುಗಳು ಈ ರೂಢಿಯಿಂದ ಬರಿದಾದವು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವ ಶಿಕ್ಷಣ, ಇವುಗಳ ಫಲವಾಗಿ ೨೦೧೫ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು. ರೋಗಾಣು ಮಣ್ಣಿನಿಂದ ಮಾಯವಾಗಿಲ್ಲ. ನಮ್ಮ ಎಚ್ಚರವೇ ಅದನ್ನು ತಡೆದಿರುವುದು.

ವಿಭೂತಿಯು ಅಷ್ಟಾವರಣಗಳಲ್ಲಿ ಒಂದು. ಅದರ ಮಹಿಮೆ ಧಾರಣೆಯಲ್ಲಿದೆ. ತೆರೆದ ಗಾಯಕ್ಕೆ ತುಂಬಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ, ತುಂಬದಿದ್ದ ಮಾತ್ರಕ್ಕೆ ಕುಗ್ಗುವುದೂ ಇಲ್ಲ. ಬೆಂಕಿಯಲ್ಲಿ ಬೆಂದು ಶುದ್ಧವಾದದ್ದೇ ಆದರೂ, ಕರಡಿಗೆಯಲ್ಲಿ ಹತ್ತು ಕೈಗಳ ಸ್ಪರ್ಶಕ್ಕೆ ಒಳಗಾದ ಮೇಲೆ ಅದು ವ್ರಣಕ್ಕೆ ತಕ್ಕ ಶುಚಿದ್ರವ್ಯವಾಗಿ ಉಳಿಯುವುದಿಲ್ಲ. ಭಸ್ಮವು ಗಾಯದ ತೇವವನ್ನು ಹೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಕೀಳುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಹಣೆಯ ಮೇಲಿನ ವಿಭೂತಿ ಹಣೆಯಲ್ಲಿರಲಿ. ಬೆರಳಿನ ಗಾಯಕ್ಕೆ ನೀರು, ಬಟ್ಟೆಗಳಿರಲಿ. ಇದರಿಂದ ಶ್ರದ್ಧೆಗೆ ಯಾವ ಚ್ಯುತಿಯೂ ಇಲ್ಲ.

ಉಪಸಂಹಾರ

ಇದುವರೆಗಿನ ಅವಲೋಕನದಿಂದ ಫಲಿಸುವುದಿಷ್ಟು. ಗಾಯವನ್ನು ಮಾಯಿಸುವುದು ದೇಹವೇ. ಲೇಪದ ಕೆಲಸ ಅದಕ್ಕೆ ಅಡ್ಡಿಯಾಗದೆ ಕಾವಲಿರುವುದು. ಸಣ್ಣ ಗಾಯವನ್ನು ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ರಕ್ತ ನಿಲ್ಲುವವರೆಗೆ ಶುಭ್ರವಾದ ಬಟ್ಟೆಯಿಂದ ಒತ್ತಿ, ವ್ಯಾಸಲೀನಿನಂತಹ ಸೌಮ್ಯವಾದ ಜಿಡ್ಡನ್ನು ತೆಳುವಾಗಿ ಸವರಿ, ಸ್ವಚ್ಛವಾದ ಪಟ್ಟಿಯಿಂದ ಮುಚ್ಚಿದರೆ ಸಾಮಾನ್ಯವಾಗಿ ಅದೇ ಸಾಕು. ಸುಟ್ಟಗಾಯವನ್ನು ಮೊದಲು ಇಪ್ಪತ್ತು ನಿಮಿಷ ತಣ್ಣೀರಿನಡಿ ಹಿಡಿಯಬೇಕು. ತುಕ್ಕು ಹಿಡಿದ ಕಬ್ಬಿಣ, ಮಣ್ಣು, ಸಗಣಿ ಸೋಕಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳಲೇಬೇಕು. ಮಧುಮೇಹಿಗಳ ಕಾಲಿನ ಗಾಯ ಎಷ್ಟು ಚಿಕ್ಕದಾದರೂ ಮನೆಮದ್ದಿಗೆ ಬಿಡತಕ್ಕದ್ದಲ್ಲ.

ಸಾಹಿತ್ಯ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಮಠಗಳ, ಮನೆತನಗಳ ಓಲೆಗರಿಗಳಲ್ಲಿ ವೈದ್ಯಯೋಗಗಳು ಅಡಗಿವೆ. ಕಾವ್ಯದ ಪ್ರತಿಯಲ್ಲಿ ಒಂದಕ್ಷರ ತಪ್ಪಿದರೆ ಅರ್ಥ ಕೆಡುತ್ತದೆ. ವೈದ್ಯದ ಪ್ರತಿಯಲ್ಲಿ ಒಂದು ಗಿಡದ ಹೆಸರು ತಪ್ಪಿದರೆ ರೋಗಿಯೇ ಕೆಡುತ್ತಾನೆ. ಅವುಗಳನ್ನು ಪಾಠಶುದ್ಧಿಯೊಡನೆ, ಗಿಡಮೂಲಿಕೆಗಳ ಗುರುತಿನೊಡನೆ, ಅಳತೆಗಳ ವಿವರಣೆಯೊಡನೆ ಪ್ರಕಟಿಸುವ ಕಾರ್ಯ ಭಾಷಾಭ್ಯಾಸಿಗಳಿಂದ ನಡೆಯಬೇಕು. ಪ್ರಕಟವಾದ ಯೋಗಗಳನ್ನು ಸಮನಾದ ಗಾಯಗಳ ಮೇಲೆ, ಸಮರ್ಥವಾದ ಪ್ರತಿಸ್ಪರ್ಧಿಯೊಡನೆ ಹೋಲಿಸಿ ನೋಡುವ ಕಾರ್ಯ ವೈದ್ಯರದು. ಹೀಗೆ ತೂಗಿ ನೋಡಿದಾಗ ಕೆಲವು ಯೋಗಗಳು ಉಳಿದಾವು, ಹಲವು ಬಿದ್ದುಹೋದಾವು. ಉಳಿದವನ್ನು ಬಳಸುವುದೂ, ಬಿದ್ದವನ್ನು ಗೌರವದಿಂದಲೇ ಗ್ರಂಥಭಂಡಾರದಲ್ಲಿ ಇರಿಸುವುದೂ ಪರಂಪರೆಗೆ ನಾವು ಸಲ್ಲಿಸಬೇಕಾದ ನ್ಯಾಯ.